ಬಿಟ್ಟುಹೋದ ದೀರ್ಘ

ಭಾನುವಾರ, ಮಧ್ಯಾಹ್ನ

ಕಾದಂಬರಿಕಾರ್ತಿಯಾದ ನನ್ನ ಹೆಂಡತಿಗೆ,

ನಾನು ಕ್ಷೇಮ. ನೀನೂ ಕ್ಷೇಮವೆಂದು ಮಗಳು ಹೇಳಿದಳು. ನಿನ್ನ ಪುಸ್ತಕವನ್ನು ಕೈಗಿಡುತ್ತಾ, “ಓದಿ ಅಪ್ಪ, ಆದ್ರೆ ಕೋಪ ಮಾಡ್ಕೋಬೇಡಿ” ಅಂದಳು. ಯಾಕೆಂದು ಮೂರನೇ ಅಧ್ಯಾಯದಲ್ಲಿ ತಿಳಿಯಿತು. ಗಂಡನನ್ನು ಅಲ್ಲೇ ಸಾಯಿಸಿಬಿಟ್ಟಿದ್ದೀಯ. ಪರವಾಗಿಲ್ಲ. ನನ್ನ ಕಥೆಗಳಲ್ಲಿ ನಾನೂ ಎಷ್ಟೋ ಹೆಂಡತಿಯರಿಗೆ ಗತಿ ಕಾಣಿಸಿದ್ದೇನೆ. ಈ ಕಸುಬಿನಲ್ಲಿ ಅದೆಲ್ಲ ಮಾಮೂಲು.

ಆದರೆ ಆ ಸತ್ತವನ ಮೇಲೆ ನನಗೆ ಹೊಟ್ಟೆಕಿಚ್ಚಾಯಿತು. ಕನ್ನಡಕ ಹಣೆಗೇರಿಸಿಕೊಂಡು ಮನೆಯೆಲ್ಲ ಹುಡುಕುವುದು, ಹಾಲು ಉಕ್ಕಿಸಿ ಒಲೆಯನ್ನು ಬೈಯುವುದು, ಎಲ್ಲ ನನ್ನದೇ. ಹೆಂಡತಿ ಮಾತಾಡುವಾಗ ಸುಮ್ಮನೆ ಕೂತು ಕೇಳುತ್ತಾನಲ್ಲ, ಅದೊಂದು ಮಾತ್ರ ನನ್ನದಲ್ಲ. ಆ ಪುಟವನ್ನು ಮತ್ತೆ ಮತ್ತೆ ಓದಿದೆ. ಇಷ್ಟು ಚೆನ್ನಾಗಿ ನಾನು ಯಾವತ್ತೂ ಬರೆದಿಲ್ಲ. ಬಾಯುಪಚಾರಕ್ಕೆ ಹೇಳುತ್ತಿಲ್ಲ.

ನೀನು ತಂಗಿಯ ಮನೆಗೆ ಹೊರಟ ದಿನ, “ನಾನು ಬರೆದದ್ದನ್ನ ತಿದ್ದಿ, ಬೇಡ ಅನ್ನಲ್ಲ. ಆಡಿದ್ದನ್ನೂ ತಿದ್ದಿದ್ರೆ ನಾನು ಬಾಯಿ ಬಿಡೋದು ಹೇಗೆ?” ಅಂದಿದ್ದೆ. ಹಾಗಾಗಿ ಈ ಸಲ ಪೆನ್ಸಿಲನ್ನು ಪಕ್ಕದ ಕೋಣೆಯಲ್ಲಿಟ್ಟು ಓದಿದೆ. ಪುಸ್ತಕದುದ್ದಕ್ಕೂ ಒಂದು ತಪ್ಪೂ ಸಿಗಲಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಬೇಜಾರೇ ಆಯಿತು.

ಕೊನೆಯಲ್ಲಿ, ಕೃತಜ್ಞತೆಯ ಪುಟದಲ್ಲಿ ಸಿಕ್ಕಿತು: ‘ನನ್ನ ಮೊದಲ ಓದುಗನಿಗೆ ಅಭಾರಿ.’ ಆಭಾರಿ ಎಂದರೆ ಋಣಿ. ದೀರ್ಘ ಬಿಟ್ಟರೆ ಋಣವೂ ಇಲ್ಲ, ಭಾರವೂ ಇಲ್ಲ ಎಂದಾಗುತ್ತದೆ. ಇದು ಅಚ್ಚಿನವರ ಕೈತಪ್ಪೋ, ನಿನ್ನ ಮನಸ್ಸಿನ ಮಾತೋ? ಕೈತಪ್ಪಾದರೆ ಮುಂದಿನ ಮುದ್ರಣದಲ್ಲಿ ಸರಿಮಾಡಿಸು. ಮನಸ್ಸಿನ ಮಾತಾದರೆ ಹಾಗೇ ಇರಲಿ. ನೀನು ಬರಬಹುದೆಂದು ಬಾಗಿಲ ಕಡೆ ಕಿವಿಯಿಟ್ಟು ಕೂರುವುದನ್ನು ನಾನೂ ನಿಲ್ಲಿಸುತ್ತೇನೆ.

ನಿನ್ನ,
ಮೊದಲ ಓದುಗ (ಇನ್ನೂ ಆಗಿದ್ದರೆ)


ಶುಕ್ರವಾರ

ಮೂರನೇ ಅಧ್ಯಾಯದಲ್ಲಿ ತೀರಿಕೊಂಡವರಿಗೆ,

ನಿಮ್ಮ ಕಾಗದ ತಲುಪಿತು. ಹೊಗಳಿಕೆ ಓದಿ ಇದು ನಿಮ್ಮದೇ ಹೌದೋ ಅಂತ ಅಕ್ಷರ ನೋಡಿಕೊಂಡೆ. ತಂಗಿಗೂ ಓದಿ ಹೇಳಿದೆ. “ಭಾವ ಮೆತ್ತಗಾಗಿದಾರೆ ಕಣಕ್ಕ” ಅಂದಳು. ನಾನು ನಗಲು ಹೋಗಿ ಅತ್ತುಬಿಟ್ಟೆ.

ಹೊಸ ಕಾದಂಬರಿ ಶುರುಮಾಡಿದ್ದೇನೆ. ಇದರಲ್ಲಿ ಯಾರೂ ಸಾಯುವುದಿಲ್ಲ. ನಾಡಿದ್ದು ಬಂದು ಮೊದಲ ಅಧ್ಯಾಯ ಓದಿ ಹೇಳುತ್ತೇನೆ. ಮುಗಿಯುವವರೆಗೆ ನೀವು ಬಾಯಿ ತೆರೆಯಬಾರದು. ಅಷ್ಟಾದರೆ ಉಳಿದದ್ದನ್ನು ಅಲ್ಲೇ ಇದ್ದು ಬರೆಯುವ ಆಸೆಯಿದೆ.

ನಿಮ್ಮವಳೇ

ಬರೆಯಲೋ ಬೇಡವೋ ಎಂದಿದ್ದ ಮಾತು: ಅಚ್ಚಿನವರು ‘ಆಭಾರಿ’ ಎಂದು ಸರಿಯಾಗಿಯೇ ಜೋಡಿಸಿದ್ದರು. ನಾನೇ ಹೋಗಿ ದೀರ್ಘ ತೆಗೆಸಿದೆ. ಪುಸ್ತಕ ಎಷ್ಟೇ ಹಿಡಿಸಿದರೂ ನೀವು ಸುಮ್ಮನಿದ್ದುಬಿಡುತ್ತೀರಿ. ತಪ್ಪು ಕಂಡರೆ ಬರೆಯದೆ ಇರಲಾರಿರಿ ಎಂದು ನನಗೆ ಗೊತ್ತಿತ್ತು.