ವಾರ್ಡ್‌ರೋಬ್‌ನೊಳಗೆ ಓದಿದ ಕಥೆ

ಓನರ್ ಅಂಕಲ್‌ಗೆ ನಮಸ್ಕಾರ.

ನೀವು ಕೇಳು ಎಂದಿದ್ದ ರೇಡಿಯೊ ನಾಟಕ ಕೇಳಿದೆ, ಚೆನ್ನಾಗಿದೆ. ನನ್ನ ಹೊಸ ಆಡಿಯೊ ಕಥೆಯೂ ನಿಮಗೆ ಹಿಡಿಸಿತಂತೆ, ಸಂತೋಷ. ಬೀದಿಯ ಗಲಾಟೆ ಮೈಕಿಗೆ ಬೀಳದಿರಲೆಂದು ನಾನು ವಾರ್ಡ್‌ರೋಬ್‌ನೊಳಗೆ ಕೂತು, ಕಂಬಳಿ ಹೊದ್ದು, ಹೆಡ್‌ಫೋನ್ ಹಾಕಿಕೊಂಡು ಪಿಸುದನಿಯಲ್ಲಿ ಓದುತ್ತೇನೆ. ಆಗ ಮನೆಯೊಳಗೆ ಯಾರು ಬಂದರೂ ನನಗೆ ಗೊತ್ತಾಗುವುದಿಲ್ಲ.

ಇವತ್ತು ಬಾಗಿಲಿಗೆ ಹೊಸ ಬೀಗ ಹಾಕಿಸುತ್ತಿದ್ದೇನೆ. ಖರ್ಚು ನನ್ನದೇ. ಎರಡೂ ಕೀ ನನ್ನ ಹತ್ತಿರವೇ ಇರಲಿ. ಏನಾದರೂ ಹೇಳುವುದಿದ್ದರೆ ಆಂಟಿ ಕೈಲಿ ಹೇಳಿಕಳಿಸಿ. ಇನ್ನು ಮುಂದೆ ಅಣ್ಣನೂ ನನ್ನ ಜೊತೆಗೇ ಇರುತ್ತಾನೆ.

ನಿನ್ನೆ ಮೆಟ್ಟಿಲ ಹತ್ತಿರ ನೀವು, "ಕೊನೆಗೆ ಆ ಅಜ್ಜಿ ಬಾಗಿಲು ತೆಗೀಬಾರದಿತ್ತು ಕಣಮ್ಮ" ಅಂದಿರಿ. ಅಜ್ಜಿ ಬಾಗಿಲು ತೆಗೆಯುವ ಆ ಕಥೆಯ ಕೊನೆಯ ಭಾಗವನ್ನು ನಾನಿನ್ನೂ ಯಾರಿಗೂ ಕಳಿಸಿಲ್ಲ ಅಂಕಲ್. ವಾರ್ಡ್‌ರೋಬ್‌ನೊಳಗೆ ಒಂದು ಸಲ ಓದಿದ್ದೇನೆ, ಅಷ್ಟೇ.

ಇಂತಿ,
ನಿಮ್ಮ ಮಹಡಿ ಮನೆಯ ಬಾಡಿಗೆಯವಳು