ನೆಲಮಹಡಿಗೆ ಪ್ರಾಸವಿಲ್ಲ

ಆಗಸ್ಟ್ 4, ಸೋಮವಾರ, ಬೆಳಿಗ್ಗೆ 9.40

ಗೇಟ್ ತೆಗೆಯುವ ಮೊದಲೇ ನಾಲ್ಕು ಜನ ಅಮ್ಮಂದಿರು ಹಾಜರ್. ಹಲಸೂರಿನವರೊಬ್ಬರು, "ನಮ್ ಹುಡ್ಗಿಗೂ ಒಂದು ರೂಮ್ ಕೊಡ್ರೀ, ಮನೇಲಿ ಓದಲ್ಲ" ಎಂದರು. ಹಲಸೂರಿನಿಂದ ನಮ್ಮ ಹಾಸ್ಟೆಲಿಗೆ ನಡೆದರೆ ಇಪ್ಪತ್ತು ನಿಮಿಷ. ವೇಟಿಂಗ್ ಲಿಸ್ಟಿನ ಕೊನೆಗೆ ಬರೆದುಕೊಂಡೆ. ಖುಷಿಯಾಗಿ ಹೋದರು. ಲಿಸ್ಟಿನಲ್ಲಿ ಹೆಸರಿದ್ದರೆ ಜನಕ್ಕೆ ಅರ್ಧ ರೂಮು ಸಿಕ್ಕಂತೆ.

ವರ್ಗವಾಗಿ ಬಂದ ಹೊಸ ಗುಮಾಸ್ತರು ಬೈಲಪ್ಪ. ಯೂನಿವರ್ಸಿಟಿಯ ಎರಡು ಪುಟದ ಸುತ್ತೋಲೆ ಹಿಡಿದು ಬೆವರುತ್ತಿದ್ದರು. "ಯಾರಿಗೆ ಯಾವ ರೂಮು ಅಂತ ತಲೇಲಿ ನಿಲ್ತಿಲ್ಲ ಮೇಡಂ." ನೆನಪಿಗೆಂದು ಕೂತಲ್ಲೇ ಒಂದು ಪದ್ಯ ಕಟ್ಟಿಕೊಟ್ಟೆ:

ಹೊರದೇಶದವರಿಗೆ ಹೊಸ ಬ್ಲಾಕು,
ಪಿಎಚ್.ಡಿ.ಗೆ ಒಂಟಿ ಲಾಕು,
ಆಟಗಾರ್ತಿಗೆ ನೆಲಮಹಡಿ ಸಾಕು,
ಬೆಂಗಳೂರಿನವರು ಕಾಯಬೇಕು.

ಒಂಟಿ ಲಾಕು ಅಂದರೆ ಒಬ್ಬರಿಗೇ ಒಂದು ರೂಮು. ಆಟದ ಹುಡುಗಿಯರು ಐದಕ್ಕೇ ಎದ್ದು ಓಡುವವರು. ಮೇಲಿಟ್ಟರೆ ಮೆಟ್ಟಿಲ ತುಂಬ ಬೂಟಿನ ಸದ್ದು. ವಾರ್ಡನ್ ಅಮೃತಮ್ಮನವರು ಓದಿ ನಕ್ಕು, ನೋಟಿಸ್ ಬೋರ್ಡಿಗೇ ಹಾಕಿಸಿದರು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ನನ್ನ ಮೊದಲ ಪ್ರಕಟಣೆ!

ಆಗಸ್ಟ್ 7, ಗುರುವಾರ

ಲಿಸ್ಟ್ ಹೊರಬಿತ್ತು. ಒಂದೂ ಜಗಳವಿಲ್ಲ. ಕವಿತೆಯ ಮಹಿಮೆ. ಮನೆಗೆ ಹೋಗುವಾಗ ಸರ್ವಜ್ಞನಗರದ ಬೇಕರಿಯಲ್ಲಿ ದಿಲ್‌ಪಸಂದ್ ಕಟ್ಟಿಸಿಕೊಂಡೆ.

ಆಗಸ್ಟ್ 11, ಸೋಮವಾರ, 11.15

ಚಿಂತಾಮಣಿಯ ಕಮರುನ್ನೀಸಾ, ಎಂ.ಎ. ಮೊದಲ ವರ್ಷ. ಎಡಗಾಲಿಗೆ ಪಟ್ಟಿ ಬಿಗಿದ ಕಬ್ಬಿಣದ ಸರಳು, ಕೈಯಲ್ಲಿ ಕೋಲು. ಟ್ರಂಕು ಹೊತ್ತು ಬಂದವರು ಸೋದರಮಾವ ವಾಜಿದ್, ಶಿವಾಜಿನಗರದ ಬಟ್ಟೆ ವ್ಯಾಪಾರಿ. ಅವಳಿಗೆ ಬಂದಿರುವ ರೂಮು 312. ನಮ್ಮಲ್ಲಿ ಲಿಫ್ಟ್ ಇಲ್ಲ.

"ಕ್ಯಾ ಮೇಡಂ, ಮೂರನೇ ಮಾಳಿಗೆ ಕೊಟ್ಟಿದ್ದೀರ? ಇವಳು ಹತ್ತಿ ಇಳಿಯೋ ಹೊತ್ಗೆ ಕ್ಲಾಸ್ ಮುಗಿದೋಗತ್ತೆ. ನಮ್ಮನೇಲಿ ಇಟ್ಕೊಳ್ಳೋಣ ಅಂದ್ರೆ ಅಂಗಡಿ ಮೇಲೆ ಮನೆ, ಮೆಟ್ಲು ಅಲ್ಲ ಅದು, ಏಣಿ. ಕೆಳಗೆ ರೂಮಿಲ್ಲಾಂದ್ರೆ ಊರಿಗೆ ವಾಪಸ್, ಅಷ್ಟೇ."

ಗುರುವಾರದೊಳಗೆ ಸೇರದಿದ್ದರೆ ಹಾಸ್ಟೆಲ್ ಸೀಟು ಹೋಗುತ್ತದೆ. ಸೀಟಿನ ಜೊತೆ ಅವಳ ಎಂ.ಎ.ಯೂ.

ಹುಡುಗಿ ಬೋರ್ಡ್ ಓದುತ್ತಿದ್ದಳು. ತಿರುಗಿ ಕೇಳಿದಳು: "ಚೆನ್ನಾಗಿದೆ ಮೇಡಂ. ಇದ್ರಲ್ಲಿ ನಾನೆಲ್ಲಿ?"

ಸುತ್ತೋಲೆ ತೆಗೆದೆ. ಮೊದಲ ಸಾಲೇ — ವಿಶೇಷಚೇತನರಿಗೆ ನೆಲಮಹಡಿ. ಉಳಿದರೆ ಕ್ರೀಡಾ ವಿಭಾಗಕ್ಕೆ. ಆ ಪದ ಉದ್ದವಾಯಿತು, ಸಾಲಿಗೆ ಕೂರಲಿಲ್ಲ, ಬಿಟ್ಟಿದ್ದೆ. ಎಲ್ಲರಿಗೂ ಗೊತ್ತಿರುವುದೇ ಎಂದುಕೊಂಡಿದ್ದೆ. ಬೈಲಪ್ಪನವರು ಕಂಗಾಲು. "ಬೋರ್ಡಲ್ಲಿರೋ ಹಾಗೇ ತುಂಬಿದೆ ಮೇಡಂ." ಅವರದೇನು ತಪ್ಪು...

ಆಗಸ್ಟ್ 12, ಮಂಗಳವಾರ

ನೆಲಮಹಡಿ ಪೂರ್ತಿ ಆಟಗಾರ್ತಿಯರದೇ. ನಾಲ್ಕನೇ ರೂಮಿನ ಸಂಹಿತಾಳನ್ನು ಕರೆಸಿದೆ. ಓಟಗಾರ್ತಿ. ಮಾತೂ ಓಟವೇ.

"312ಕ್ಕೆ ಹೋಗ್ತೀಯೇನಮ್ಮಾ?"

"ಯಾಕ್ ಹೋಗ್ಲಿ? ರೂಲ್ಸ್ ಪ್ರಕಾರ ಇದು ನಂದೇ. ಬೋರ್ಡಲ್ಲೇ ಇದೆಯಲ್ಲ."

"ಬೋರ್ಡೇ ತಪ್ಪು."

"ಯಾರ್ ಬರ್ದಿದ್ದು ಅದನ್ನ?"

ಗಂಟಲು ಸರಿಮಾಡಿಕೊಂಡೆ. "ನಾನೇ."

ಕಮರುನ್ನೀಸಾಳ ವಿಷಯ ಹೇಳಿದೆ. ಬಗ್ಗಿ ಬೂಟಿನ ಲೇಸು ಬಿಗಿದಳು. ಆಮೇಲೆ, "ಹೋಗ್ತೀನಿ. ಆದ್ರೆ ತಪ್ಪು ನಿಮ್ದು ಅಂತ ಬರ್ದು ಅಲ್ಲೇ ಅಂಟಿಸಿ. ಇಲ್ಲಾಂದ್ರೆ ನಾನೇನೋ ತಪ್ಪು ಮಾಡಿದ್ದಕ್ಕೆ ಮೇಲಕ್ಕೆ ಹಾಕಿದ್ರು ಅಂತಾರೆ ಎಲ್ರೂ."

ನ್ಯಾಯವೇ. ಮೂರೂವರೆಗೆ ಅಂಟಿಸಿದೆ: 'ಮೇಲಿನ ಪದ್ಯ ತಪ್ಪು. ತಪ್ಪು ನನ್ನದು. — ರಂಜನಾ, ಸೂಪರಿಂಟೆಂಡೆಂಟ್.' ಅಮೃತಮ್ಮನವರು ಕನ್ನಡಕ ಏರಿಸಿ ಓದಿದರು. "ಏನ್ರೀ ರಂಜನಾ, ಇದಕ್ಕೆ ಪ್ರಾಸಾನೇ ಇಲ್ವಲ್ಲ!" ಬೈಗುಳ ಅಷ್ಟೇ. ಬದುಕಿದೆ.

ಸಂಹಿತಾ ಟ್ರಂಕು ಹೆಗಲಿಗೇರಿಸಿ ಎರಡೆರಡು ಮೆಟ್ಟಿಲು ಹಾರುತ್ತ ಹೋದಳು. ಬೂಟಿನ ಸದ್ದು ನನಗಿರಲಿ.

ಆಗಸ್ಟ್ 14, ಗುರುವಾರ, ಮಧ್ಯಾಹ್ನ 12.50

ಕಮರುನ್ನೀಸಾ ನಿನ್ನೆಯೇ ಸೇರಿದಳು. ವಾಜಿದ್ ಸಾಹೇಬರು ಕಿಟಕಿಯ ಅಳತೆ ಹಿಡಿದು ಹೋಗಿದ್ದರು; ಇವತ್ತು ಹಸಿರು ಪರದೆ ಬಂತು.

ಹೊಸ ಬೋರ್ಡ್ ಬರೆಯುತ್ತಿದ್ದೇನೆ. ಮೊದಲ ಸಾಲು: 'ವಿಶೇಷಚೇತನರಿಗೆ ನೆಲಮಹಡಿ, ಎಲ್ಲರಿಗಿಂತ ಮೊದಲು.' ಬೈಲಪ್ಪನವರು ಇಣುಕಿ, "ಮುಂದಿನ ಸಾಲು 'ಬದಲು' ಅಂತ ಮುಗಿಸಿದ್ರೆ ಹೊಂದತ್ತೆ ಮೇಡಂ" ಎಂದರು. ನಾಲಿಗೆ ತುರಿಸಿತು. ಬೇಡ ಎಂದೆ. ಈ ಸಾಲು ಒಂಟಿಯಾಗಿಯೇ ಇರಲಿ.

ಕಾರಿಡಾರಿನಲ್ಲಿ ಕೋಲಿನ ಸದ್ದು. ನನ್ನ ಬಾಗಿಲಿಗೇ ಬಂತು. "ಮೇಡಂ, ಮೆಸ್ಸಲ್ಲಿ ಬಿಸಿಬೇಳೆಬಾತು. ಬೂಂದಿ ಖಾಲಿಯಾಗ್ತಿದೆ, ಬೇಗ." ಬಂದೆನಮ್ಮಾ, ಇದೊಂದು ಸಾಲು —