ಕೊನೆಯ ಪುಟದ ಹೆಡರ್

೧೪ ನವೆಂಬರ್, ಶುಕ್ರವಾರ

ಜಡೆ ಊರಿನ ಸಿದ್ಧಲಿಂಗೇಶನ ಅಂಗಡಿ ಬಾಡಿಗೆ ಕರಾರನ್ನು ಹೊಸದಾಗಿ ಟೈಪ್ ಮಾಡದೆ, ಅವನ ತಂದೆ ವೀರಬಸಪ್ಪನವರ ಉಯಿಲಿನ ಫೈಲನ್ನೇ ತಿದ್ದಿದೆ. ವಿಳಾಸವೆಲ್ಲ ಅದರಲ್ಲೇ ಇದೆಯಲ್ಲ ಎಂಬ ಸೋಮಾರಿತನ. ಮೊದಲ ಪುಟದ ನೆತ್ತಿಯ ಹೆಡರ್ ಬದಲಿಸಿದೆ, 'ಕರಡು' ಎಂಬ ವಾಟರ್‌ಮಾರ್ಕ್ ತೆಗೆದೆ, ಅವನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ಆಸ್ತಿ ವಿವರದ ಕೊನೆಯ ಪುಟ ಕಂಪ್ಯೂಟರ್ ಫೈಲಿನಲ್ಲಿ ಬೇರೆಯೇ ಸೆಕ್ಷನ್, ಅದರ ಹೆಡರೂ ಬೇರೆ; ಅದು ಹಳೆಯದೇ ಉಳಿಯಿತು. ವಕೀಲಳಾದ ನನಗೆ ಸೆಕ್ಷನ್ ಎಂದರೆ ಕಾಯಿದೆಯದ್ದು ಮಾತ್ರ ಹೊಳೆಯುವುದೇ?

ಐದು ಗಂಟೆಗೆ ಅವನ ಫೋನ್ ಬಂತು. "ಮೇಡಂ, ಕೊನೇ ಪುಟದ ಮೇಲೆ 'ವೀರಬಸಪ್ಪನವರ ಉಯಿಲು' ಅಂತ ಐತಲ್ರೀ! ನಮ್ಮಪ್ಪ ಇನ್ನೂ ಗುಂಡುಕಲ್ಲಿನಂಗೆ ಅದಾನೆ, ಈಗ್ಲೇ ಮೇಲಕ್ಕೆ ಕಳಿಸಿಬಿಡ್ತೀರೇನ್ರೀ?"

"ಯಾವುದೋ ಹಳೇ ಮಾದರಿ, ತಪ್ಪಿ ಬಂದಿದೆ" ಎಂದೆ. ಮಾದರಿಯಲ್ಲಿ ಅವನ ತಂದೆಯ ಹೆಸರು ಏಕಿರುತ್ತದೆ?

ಅವನ ನಗು ನಿಂತಿತು. "ಇರ್ಲಿ ಬಿಡ್ರಿ. ಅಪ್ಪ ಗದ್ದೆಯಿಂದ ಬರ್ಲಿ, ಅವನ್ನೇ ಕೇಳ್ತೀನಿ."

ಉಯಿಲಿನಲ್ಲಿ ವೀರಬಸಪ್ಪನವರು ಮನೆಯನ್ನು ಮಗಳು ನೀಲಾಂಬಿಕೆಗೆ ಬರೆದಿದ್ದಾರೆ. "ನಾನಿರೋ ತನಕ ಮಗನ ಕಿವಿಗೆ ಬೀಳಬಾರದು ಕಣಮ್ಮಾ. ಬಿದ್ರೆ ಆ ಮನೇಲಿ ನನಗೆ ಉಳಿಗಾಲ ಇಲ್ಲ" ಎಂದು ಸಹಿ ಹಾಕುವಾಗ ಎರಡು ಸಲ ಹೇಳಿದ್ದರು.

ಅವರನ್ನು ಎಚ್ಚರಿಸಬೇಕಿತ್ತು. ಮೂರು ಸಲ ಅವರ ನಂಬರ್ ಒತ್ತಿ ಕೈಬಿಟ್ಟೆ. ಹೆದರಿದ್ದು ಅವರಿಗಾಗಿಯೋ, ನನ್ನ ಹೆಸರಿಗಾಗಿಯೋ? ನಾಲ್ಕನೆಯ ಸಲ ರಿಂಗಾಯಿತು.

"ಹೇಳ್ರಿ ಮೇಡಂ." ತಂದೆಯ ಫೋನೆತ್ತಿದ್ದು ಸಿದ್ಧಲಿಂಗೇಶ. "ಅಪ್ಪ ನನ್ನೆದುರಿಗೇ ಕುಂತಾನೆ. ಅವನಿಗೆ ಏನು ಹೇಳ್ಬೇಕಿತ್ತು?"

ಫೋನ್ ಇಟ್ಟುಬಿಟ್ಟೆ. ಅದೇ ಅವನಿಗೆ ಉತ್ತರವಾಯಿತೇನೋ. ಆಗಿನಿಂದ ವೀರಬಸಪ್ಪನವರ ಫೋನ್ ಸ್ವಿಚ್ ಆಫ್. ಬೆಳಿಗ್ಗೆ ಮೊದಲ ಬಸ್ಸಿಗೇ ಜಡೆಗೆ ಹೋಗಿ, ಅವರ ಮುಖ ನೋಡಿ, ತಪ್ಪು ನನ್ನದೇ ಎಂದು ನಾನು ಒಪ್ಪಿಕೊಳ್ಳಬೇಕು.